ಮೂರು ಊರಿಗೆ ಮೂರು ಫಾರ್ಮು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಹೇಳಿಕೊಟ್ಟಿದ್ದರು. ಈ ವಯಸ್ಸಿನವರೆಗೂ ನಾನು ಅದನ್ನು ಪಾಲಿಸಿಕೊಂಡು ಬಂದಿದ್ದೇನೆ. ಡೈರೆಕ್ಟರ್ ಸಾಹೇಬರು ದೇವರ ದಯೆಯಿಂದ ಗಟ್ಟಿಮುಟ್ಟಾಗಿದ್ದಾರೆ. ಗಜೇಂದ್ರಗಡದಲ್ಲಿ ಬೆಳಿಗ್ಗೆ ಬೆಳಿಗ್ಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಗುಡ್ಡದ ಕಡೆ ವಾಕಿಂಗ್ ಹೋಗುತ್ತಾರಂತೆ. ಆದ್ದರಿಂದ ನನಗೇನೂ ಸಂಕೋಚವಿಲ್ಲ.

ಹೆಸರು ಮಾತ್ರ ಬರೆಯುವುದಿಲ್ಲ. ಅವರಿಗೆ ಅಂಜಿ ಅಲ್ಲ. ಅವರ ಹೆಂಡತಿ ಒಳ್ಳೆಯ ಹೆಣ್ಣುಮಗಳು, ಸಂಕ್ರಾಂತಿಗೆ ತಪ್ಪದೆ ನಮ್ಮ ಮನೆಗೆ ಬಂದು ಎಳ್ಳು ಕೊಟ್ಟು ಹೋಗುತ್ತಿದ್ದಳು. ಅಂಥ ಗಂಡನನ್ನು ಕಟ್ಟಿಕೊಂಡೂ ಅಷ್ಟು ಮೆತ್ತಗೆ ಮಾತಾಡುವುದನ್ನು ಆಕೆ ಎಲ್ಲಿ ಕಲಿತಳೋ.

ನಾನು ರೋಣದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದಮೇಲೆ ಒಂದು ಸಂಸ್ಥೆಯ ಗೌರವ ಕಾರ್ಯದರ್ಶಿಯಾಗಿ ಕೆಲವು ವರ್ಷ ಕೆಲಸ ಮಾಡಿದೆ. ಗೌರವ ಎಂದರೆ ಸಂಬಳವಿಲ್ಲ ಎಂದರ್ಥ. ಗೌರವವೂ ಇತ್ತೆಂದು ತಿಳಿಯಬೇಡಿ. ಸಂಸ್ಥೆಗೆ ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಹೆಣ್ಣುಮಕ್ಕಳಿಗೆ ನರ್ಸಿಂಗ್ ಕಲಿಸುವ ಶಾಲೆಗಳಿದ್ದವು, ಜೊತೆಗೆ ಹಾಸ್ಟೆಲ್. ಮುಖ್ಯ ಕಚೇರಿ ಗಜೇಂದ್ರಗಡದಲ್ಲಿ. ಹೊಸ ಶತಮಾನ ಬಂದು ಕೆಲವು ವರ್ಷ ಕಳೆದಿದ್ದವು. ನಮ್ಮ ಅಧ್ಯಕ್ಷರು ಹತ್ತಿ ವ್ಯಾಪಾರಿಗಳು, ಭೋಳೇ ಮನುಷ್ಯ. ಅವರಿಗೆ ಎಲ್ಲವೂ ಕಂಪ್ಯೂಟರಿನಲ್ಲೇ ಆಗಬೇಕೆಂಬ ಆಸೆ ಹುಟ್ಟಿತು. ಹುಬ್ಬಳ್ಳಿಯಲ್ಲಿ ಏನೋ ಒಂದು ಡಿಪ್ಲೊಮಾ ಮಾಡಿಕೊಂಡು ಬಂದಿದ್ದ ಇವರನ್ನು ಹುಡುಕಿ ತಂದು, 'ಡೈರೆಕ್ಟರ್ ಆಫ್ ಕಂಪ್ಯೂಟರ್ಸ್' ಎಂದು ಹಿತ್ತಾಳೆಯ ಬೋರ್ಡು ಮಾಡಿಸಿ ಕೂರಿಸಿದರು. ಆಗ ಸಂಸ್ಥೆಯಲ್ಲಿದ್ದ ಕಂಪ್ಯೂಟರು ಒಂದೇ.

ಆ ಒಂದಕ್ಕೆ ಒಂದು ಕೋಣೆ, ಕೋಣೆಗೊಂದು ಎ.ಸಿ. ಹೆರಿಗೆ ಕಲಿಸುವ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು, ಅದು ಬೇರೆ ಮಾತು. ಕಂಪ್ಯೂಟರಿಗೆ ಕೆಂಪು ಮಖಮಲ್ಲಿನ ಹೊದಿಕೆ, ಹೊದಿಕೆಗೆ ಜರಿಯ ಅಂಚು. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕು. ಡೈರೆಕ್ಟರ್ ಸಾಹೇಬರು ಮಾತ್ರ ಬೂಟು ಹಾಕಿಕೊಂಡೇ ಕೂರುತ್ತಿದ್ದರು. ಪೂಜಾರಿಗೆ ಗರ್ಭಗುಡಿಯಲ್ಲಿ ಇಲ್ಲದ ಸಲುಗೆ ಅವರಿಗಿತ್ತು. ಮೌಸ್ ಹಿಡಿಯುವಾಗ ಕಿರುಬೆರಳನ್ನು ಮೇಲೆತ್ತುತ್ತಿದ್ದರು. ನಮ್ಮ ಕಾನ್ವೆಂಟಿನಲ್ಲಿ ಟೀ ಕಪ್ ಹಿಡಿಯುವಾಗ ಹಾಗೆ ಮಾಡಿದವರನ್ನು ಸಿಸ್ಟರ್ ಎಬ್ಬಿಸಿ ನಿಲ್ಲಿಸುತ್ತಿದ್ದರು.

ಅವರ ಇನ್ನೊಂದು ಅಭ್ಯಾಸ ನನಗೆ ಯಾವತ್ತೂ ಒಗ್ಗಲಿಲ್ಲ. ಯಾರೊಡನೆ ಮಾತಾಡಿದರೂ ಅವರ ಮುಖ ನೋಡುತ್ತಿರಲಿಲ್ಲ, ಕಂಪ್ಯೂಟರಿನ ಪರದೆಯನ್ನು ನೋಡುತ್ತಿದ್ದರು. ಕರೆಂಟು ಹೋಗಿ ಪರದೆ ಕಪ್ಪಾದಾಗಲೂ ಅದನ್ನೇ ನೋಡುತ್ತ ಮಾತಾಡುತ್ತಿದ್ದರು. ಒಮ್ಮೆ ನಾನು ತಡೆಯಲಾರದೆ ಕೇಳಿದೆ: "ಸರ್, ನಾ ಇಲ್ಲಿದ್ದೀನಿ. ಅಲ್ಲಿ ಏನ್ ಕಾಣಸ್ತದ?"

"ಥಿಂಕಿಂಗ್, ಮೇಡಂ, ಥಿಂಕಿಂಗ್" ಎಂದರು, ಕಪ್ಪು ಪರದೆಗೆ.

ಅಡ್ಮಿಷನ್ ಅರ್ಜಿಯನ್ನು ಇಂಟರ್‌ನೆಟ್ಟಿಗೆ ಹಾಕಬೇಕೆಂದು ತೀರ್ಮಾನವಾದಾಗ ಸಾಹೇಬರು ಮೊದಲು ರೋಣದ ಶಾಲೆಗೊಂದು ಫಾರ್ಮು ಮಾಡಿದರು. ಮಾಡಿದರು ಎಂದರೆ ಎಲ್ಲಿಂದಲೋ ಎತ್ತಿಕೊಂಡು ಬಂದರು. ಆಮೇಲೆ ಅದನ್ನೇ ನಕಲು ಮಾಡಿ ನರಗುಂದಕ್ಕೊಂದು, ಮತ್ತೆ ನಕಲು ಮಾಡಿ ಗಜೇಂದ್ರಗಡಕ್ಕೊಂದು. "ಕಾಪಿ ಹೊಡಿ, ಪೇಸ್ಟ್ ಹೊಡಿ, ಮುಗೀತು" ಎಂಬುದು ಅವರ ಮಂತ್ರ. ಹೊಡೆಯುವುದು ಎಂಬ ಕ್ರಿಯಾಪದವನ್ನು ಅವರಷ್ಟು ಸಂತೋಷದಿಂದ ಬಳಸಿದವರನ್ನು ನಾನು ನೋಡಿಲ್ಲ. ಗಜೇಂದ್ರಗಡದ ಪುಟ ಒಂದು ಇಡೀ ಹಂಗಾಮು 'ರೋಣಕ್ಕೆ ಸುಸ್ವಾಗತ' ಎನ್ನುತ್ತಿತ್ತು. ಯಾರಾದರೂ ತೋರಿಸಿದರೆ ಆ ಒಂದು ಕಡೆ ತಿದ್ದುತ್ತಿದ್ದರು. ಅದೇ ತಪ್ಪು ಇನ್ನೆರಡು ಕಡೆ ಇದೆಯೇ ಎಂದು ನೋಡುವುದು ಡೈರೆಕ್ಟರ್ ಆದವರ ಘನತೆಗೆ ಕಡಿಮೆ.

ತುಂಬಿದ್ದರಲ್ಲಿ ಏನಾದರೂ ದೋಷವಿದ್ದರೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ 'ಇನ್‌ವ್ಯಾಲಿಡ್' ಎಂದು ಬರುತ್ತಿತ್ತು. ಯಾವುದು ಇನ್‌ವ್ಯಾಲಿಡ್? ಹೆಸರೋ, ಹುಟ್ಟಿದ ತಾರೀಖೋ, ಫೋನ್ ನಂಬರೋ? ಅದನ್ನು ಹೇಳುವ ಸೌಜನ್ಯ ಆ ಫಾರ್ಮಿಗಿರಲಿಲ್ಲ. ಮೇಲಾಗಿ ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು. ಬಸ್‌ಸ್ಟ್ಯಾಂಡಿನ ನೆಟ್ ಸೆಂಟರಿನಲ್ಲಿ ಗಂಟೆಯ ಲೆಕ್ಕಕ್ಕೆ ದುಡ್ಡು ಕೊಟ್ಟು ಕೂತ ಮಂದಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ರೋಣದ ಕಚೇರಿಗೆ ಬೆಳವಣಕಿಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ನೆಟ್ ಸೆಂಟರಿನವನು ಪುಟವನ್ನು ಪ್ರಿಂಟ್ ತೆಗೆದು ಕೊಟ್ಟಿದ್ದ.

"ಬಾಯಾರ, ಇಲ್ಲಿ ಏನೋ ಬರದೈತಂತ, ನೋಡ್ರಿ."

"ತಪ್ಪೈತಿ ಅಂತ ಬರದೈತವಾ."

"ಏನ್ ತಪ್ಪೈತ್ರಿ?"

"ಅದನ್ನ ಬರದಿಲ್ಲ."

ಆಕೆ ಕಾಗದವನ್ನು ತಿರುವಿ ನೋಡಿದಳು. "ಹಂಗಾರ ಇದು ನಮ್ಮತ್ತಿ ಇದ್ದಂಗ ಐತಿ ಬಿಡ್ರಿ. ತಪ್ಪ ಮಾಡೀದಿ ಅಂತಾಳ, ಏನ್ ತಪ್ಪಂತ ಜೀವ ಹೋದ್ರೂ ಹೇಳೂದಿಲ್ಲ."

ಇದನ್ನು ಸಾಹೇಬರಿಗೆ ಮುಟ್ಟಿಸಿದಾಗ ಅವರು ನಗಲಿಲ್ಲ. "ಮಂದಿಗೆ ಫಾರ್ಮ್ ತುಂಬಾಕ ಬರೂದಿಲ್ಲ ಮೇಡಂ. ಪಬ್ಲಿಕ್ ಈಸ್ ವೆರಿ ಪೂವರ್ ಇನ್ ಫಾರ್ಮ್" ಎಂದರು.

ಸಾಹೇಬರ ಕೈಕೆಳಗೆ ಜುಬೇದಾ ಎಂಬ ಹುಡುಗಿ ಇದ್ದಳು. ನರಗುಂದದವಳು, ಬಿ.ಸಿ.ಎ. ಮಾಡಿದ್ದಳು, ಸಂಸ್ಥೆಯ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಬಂದಿದ್ದಳು. ಮೆತ್ತನೆಯ ಹುಡುಗಿಯೇನೂ ಅಲ್ಲ. ನಾಲಿಗೆ ಚಾಕುವಿನಂತಿತ್ತು, ಅದಕ್ಕೇ ನನಗೆ ಇಷ್ಟವಾಗುತ್ತಿದ್ದಳು. ಗಜೇಂದ್ರಗಡಕ್ಕೆ ಹೋದ ದಿನ ಮಧ್ಯಾಹ್ನ ನಾವಿಬ್ಬರೂ ಕಚೇರಿಯ ಹಿಂದಿನ ಕಟ್ಟೆಯ ಮೇಲೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂರುತ್ತಿದ್ದೆವು. ಈಗಲೂ ಮಿರ್ಚಿ ಕರಿಯುವ ವಾಸನೆ ಬಂದರೆ ನನಗೆ ಅವಳ ನೆನಪೇ ಆಗುವುದು. ಅವಳು ನನಗೆ ಫಾರ್ಮಿನ ಹೊಟ್ಟೆಯೊಳಗೆ ಏನಿರುತ್ತದೆಂದು ತೋರಿಸಿಕೊಟ್ಟಳು. ಹೆಸರಿನ ಖಾನೆ ಒಂದು ತುಂಡು, ತಾರೀಖಿನ ಖಾನೆ ಇನ್ನೊಂದು ತುಂಡು, ಫೋನಿನ ಖಾನೆ ಮತ್ತೊಂದು. ಪ್ರತಿ ತುಂಡಿಗೂ ತನ್ನದೇ ತಪಾಸಣೆ, ತನ್ನದೇ ಮಾತು: 'ಫೋನ್ ನಂಬರಿನಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ' ಎಂದು ಖಾನೆಯ ಪಕ್ಕದಲ್ಲೇ ಹೇಳಬೇಕು, ಉಳಿದದ್ದನ್ನು ಮುಟ್ಟಬಾರದು. ಇಂಥ ತುಂಡುಗಳನ್ನು ಒಂದು ಸಲ ಚಲೋ ಮಾಡಿಟ್ಟು, ಮೂರು ಊರಿನ ಪುಟಗಳೂ ಅವನ್ನೇ ಕರೆದು ಬಳಸಿಕೊಳ್ಳುವಂತೆ ಮಾಡಬೇಕು. ನಾಳೆ ನಿಯಮ ಬದಲಾದರೆ ಒಂದು ಕಡೆ ತಿದ್ದಿದರೆ ಸಾಕು.

ಅವಳು ಇದನ್ನು ಸಾಹೇಬರಿಗೂ ಹೇಳಿದಳು. ಆಗ ನಾನೂ ಅಲ್ಲಿದ್ದೆ.

"ಸರ್, ನಮ್ಮಪ್ಪ ಗೌರಿ ಹುಣ್ಣಿಮಿಗೆ ಸಕ್ಕರಿ ಗೊಂಬಿ ಹೊಯ್ಯತಾನ್ರಿ. ಆನಿ ಸೊಂಡಿ ಮುರಕ ಬರಾಕ ಹತ್ತಿತಂದ್ರ ಕಟ್ಟಿಗಿ ಅಚ್ಚ ತಿದ್ದಿಸ್ಕೊಂಡ ಬರತಾನ. ಸಕ್ಕರಿ ಆನಿ ಒಂದೊಂದ ಹಿಡಕೊಂಡ ಸೊಂಡಿ ಅಂಟಸಕೋತ ಕುಂಡ್ರೂದಿಲ್ಲ. ನಮಗೂ ಒಂದ ಅಚ್ಚ ಬೇಕ್ರಿ."

"ಇದು ಸಕ್ಕರಿ ಗೊಂಬಿ ಅಲ್ಲವಾ, ಸಾಫ್ಟ್‌ವೇರು."

"ಅದಕ್ಕ ಹೇಳಾಕತ್ತೇನ್ರಿ. ಗೊಂಬಿಗಾದ್ರ ಮುರಿಯಾಕ ಒಂದ ಸೊಂಡಿ, ಇದಕ್ಕ ಹತ್ತಾರು."

ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಒಂದು ದೊಡ್ಡ ಮಾತು ಹೇಳಿದರು. "ನೋಡವಾ, ಅಚ್ಚ ಒಂದ ಇತ್ತಂದ್ರ, ಅದು ಕೆಟ್ಟ ದಿನ ಮೂರೂ ಊರು ಬಂದ್. ಮೂರು ಬ್ಯಾರೆ ಬ್ಯಾರೆ ಇದ್ರ ಒಂದ ಕೆಟ್ಟರೂ ಎರಡು ನಡೀತಾವ. ದಿಸ್ ಈಸ್ ಕಾಲ್ಡ್ ಸೇಫ್ಟಿ." ಅಧ್ಯಕ್ಷರಿಗೆ ಈ ತರ್ಕ ಬಹಳ ಹಿಡಿಸಿತು, ಮುಂದಿನ ಮೀಟಿಂಗಿನಲ್ಲಿ ತಮ್ಮದೇ ಮಾತೆಂಬಂತೆ ಹೇಳಿದರು. ಮೂರು ಕಡೆ ಮೂರು ಬಗೆಯಲ್ಲಿ ಕೆಡುವ ಭಾಗ್ಯ ನಮ್ಮ ಸಂಸ್ಥೆಗೆ ಹೀಗೆ ಖಾಯಂ ಆಯಿತು.

ಇನ್‌ವ್ಯಾಲಿಡ್ ಬಂದು ಎಲ್ಲ ಅಳಿಸಿಹೋದಮೇಲೆ ಮಂದಿ, ಅರ್ಜಿ ಹೋಯಿತೋ ಇಲ್ಲವೋ ಗೊತ್ತಾಗದೆ, ಮತ್ತೆ ಮತ್ತೆ ಕಳಿಸತೊಡಗಿದರು. ಒಬ್ಬಳದೇ ಅರ್ಜಿ ಹಲವು ಸಲ ಬಂದು ಬೀಳುತ್ತಿತ್ತು. ತಮ್ಮ ಫಾರ್ಮು ಮಾತು ಕಲಿಯಬೇಕು ಎಂದು ಸಾಹೇಬರಿಗೆ ಹೊಳೆಯಲಿಲ್ಲ. ಮಂದಿ ಮೋಸ ಮಾಡುತ್ತಿದ್ದಾರೆ ಎಂದು ಹೊಳೆಯಿತು. ಅದಕ್ಕೊಂದು ಕಾವಲು ಇಟ್ಟರು. ಹೆಸರು, ಅಡ್ಡಹೆಸರು, ಊರು, ಹುಟ್ಟಿದ ತಾರೀಖು, ಈ ನಾಲ್ಕೂ ಅದೇ ಊರಿನ ಪುಟಕ್ಕೆ ಹಿಂದೆ ಬಂದ ಅರ್ಜಿಯೊಂದಕ್ಕೆ ಸರಿಹೊಂದಿದರೆ ಹೊಸದನ್ನು ತೆಗೆದುಕೊಳ್ಳಕೂಡದು. 'ನಿಮ್ಮ ಅರ್ಜಿ ಈಗಾಗಲೇ ನಮ್ಮಲ್ಲಿದೆ, ಧನ್ಯವಾದ' ಎಂದು ಹಸಿರು ಅಕ್ಷರದಲ್ಲಿ ತೋರಿಸಬೇಕು.

ನಾಲ್ಕೂ ಒಂದೇ ಆಗಿರುವ ಇಬ್ಬರು ಎಲ್ಲಾದರೂ ಇರಲು ಸಾಧ್ಯವೇ ಎಂದು ಬೇರೆ ಸೀಮೆಯವರಿಗೆ ಅನ್ನಿಸಬಹುದು. ನಮ್ಮ ಕಡೆ ಊರಿಗೆ ನಾಲ್ಕು ಜೊತೆ ಸಿಗುತ್ತವೆ. ಅಜ್ಜಿ ತೀರಿಕೊಂಡ ಮನೆಯಲ್ಲಿ ಆಮೇಲೆ ಹುಟ್ಟಿದ ಹೆಣ್ಣುಕೂಸಿಗೆ ಅಜ್ಜಿಯ ಹೆಸರು. ಅಣ್ಣನೂ ಇಡುತ್ತಾನೆ, ತಮ್ಮನೂ ಇಡುತ್ತಾನೆ; ತಾಯಿ ಇಬ್ಬರಿಗೂ ತಾಯಿಯೇ ಅಲ್ಲವೇ. ಅಡ್ಡಹೆಸರು ಹೇಗೂ ಒಂದೇ. ಇನ್ನು ಹುಟ್ಟಿದ ತಾರೀಖು: ಸಾಲಿಗೆ ಹಾಕುವ ದಿನ ಮಾಸ್ತರರು ಕೇಳುತ್ತಾರೆ, ಮನೆಯವರು "ಮಳಿ ಬಿದ್ದ ಮ್ಯಾಲ ಹುಟ್ಟೈತ್ರಿ" ಎನ್ನುತ್ತಾರೆ, ಮಾಸ್ತರರು ಜೂನ್ ಒಂದು ಎಂದು ಬರೆಯುತ್ತಾರೆ. ನನ್ನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದಕ್ಕೆ ಹುಟ್ಟಿದವರು. ಸಾಹೇಬರ ಹುಟ್ಟಿದ ತಾರೀಖೂ ಅದೇ ಎಂದು ಅವರ ಸರ್ವಿಸ್ ಫೈಲಿನಲ್ಲಿ ನಾನೇ ನೋಡಿದ್ದೇನೆ. ಇದೇ ನೆಲದಲ್ಲಿ ಹುಟ್ಟಿ ಬೆಳೆದ ಮನುಷ್ಯ ಇಂಥ ಕಾವಲು ಇಟ್ಟ ಎಂದರೆ ಆತ ಕಂಪ್ಯೂಟರನ್ನೂ ಕಲಿಯಲಿಲ್ಲ, ತನ್ನ ಊರನ್ನೂ ನೋಡಲಿಲ್ಲ.

ಮೊದಲು ಸಿಕ್ಕಿಬಿದ್ದವರು ರೋಣದವರೇ. ಇಬ್ಬರು ತಂದೆಯರು ಬಂದು ರೋಣದ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಊರಿನ ಹಿರಿಯರೂ ಬಂದು ಪಕ್ಕದಲ್ಲಿ ಕೂತರು. ಸಾಹೇಬರಿಗೆ ಜನ ಕೂರುವುದೆಂದರೆ ಭಯ. ಜುಬೇದಾಗೆ ರೋಣದ ಪುಟದ ಪಾಸ್‌ವರ್ಡ್ ಕೊಟ್ಟು ತಿದ್ದಲು ಹೇಳಿದರು. ಅವಳು ತಂದೆಯ ಹೆಸರನ್ನೂ ಕಾವಲಿನಲ್ಲಿ ಸೇರಿಸಿದಳು. ತಂದೆ ಬೇರೆಯಾದರೆ ಹುಡುಗಿ ಬೇರೆ, ಅಷ್ಟೆ.

"ಸರ್, ಉಳದ ಎರಡರಾಗೂ ಹಾಕತೇನ್ರಿ?"

"ರೋಣದ್ದು ರೋಣಕ್ಕ. ಉಳದಾವು ಚಲೋ ನಡದಾವ, ಮುಟ್ಟಬ್ಯಾಡ. ನಡಿಯೂದನ್ನ ಮುಟ್ಟಬಾರದು" ಎಂದು ಪಾಸ್‌ವರ್ಡನ್ನು ತಮ್ಮ ಕಿಸೆಯಲ್ಲಿ ಇಟ್ಟುಕೊಂಡರು. ಆಮೇಲೆ ಆ ತಿದ್ದುಪಡಿಯನ್ನು ಪೂರ್ತಿ ಮರೆತುಬಿಟ್ಟರು. ಬೇರೆಯವರು ಮಾಡಿದ ಕೆಲಸ ಅವರ ನೆನಪಿನಲ್ಲಿ ಉಳಿಯುವ ಜಾತಿಯದಲ್ಲ.

ಆ ವರ್ಷವೇ ಕೊಣ್ಣೂರಿನ ಬಡಿಗೇರರ ಮನೆಯಿಂದ ಇಬ್ಬರು ಹುಡುಗಿಯರು ನರಗುಂದದ ಶಾಲೆಗೆ ಅರ್ಜಿ ಹಾಕಿದರು. ಇಬ್ಬರೂ ಗಂಗವ್ವ ಬಡಿಗೇರ. ಅಣ್ಣ ತಮ್ಮಂದಿರ ಮಕ್ಕಳು, ಮನೆಯಲ್ಲಿ ಹಿರೇ ಗಂಗಿ, ಸಣ್ಣ ಗಂಗಿ. ಹುಟ್ಟಿದ್ದು ಒಂದು ಮಳೆಗಾಲದ ಅಂತರದಲ್ಲಿ, ಆದರೆ ಅಜ್ಜ ಇಬ್ಬರನ್ನೂ ಒಂದೇ ದಿನ ಸಾಲಿಗೆ ಕರೆದುಕೊಂಡು ಹೋಗಿದ್ದರಿಂದ ಇಸವಿ ಸಹಿತ ಒಂದೇ ಜೂನ್ ಒಂದು. ಹಿರೇ ಗಂಗಿಯದು ನಡುವಿನ ಮಾರ್ಕು. ಸಣ್ಣ ಗಂಗಿಯದು ಚಲೋ ಮಾರ್ಕು. ಹೊಲದ ಕೆಲಸಕ್ಕೆಂದು ಸಾಲಿ ಬಿಡಿಸಿದ್ದರೂ ಮತ್ತೆ ಕೂತು ಪಾಸು ಮಾಡಿದ್ದಳು. ಕೊಣ್ಣೂರಿನ ದವಾಖಾನೆಗೆ ಹೋಗಿ ಅಲ್ಲಿನ ನರ್ಸಮ್ಮನ ಹಿಂದೆ ಹಿಂದೆ ತಿರುಗಿ ಪಟ್ಟಿ ಕಟ್ಟುವುದನ್ನು ಕಲಿತಿದ್ದಳು. ನರ್ಸಿಂಗಿಗೆ ವಯಸ್ಸಿನ ಮಿತಿಯಿತ್ತು. ಕಾಗದದ ಮೇಲಿನ ಆ ಜೂನ್ ಒಂದರ ಲೆಕ್ಕದಲ್ಲಿ ಅವರಿಬ್ಬರಿಗೂ ಅದೇ ಕೊನೆಯ ವರ್ಷ. ಆ ಸಲ ತಪ್ಪಿದರೆ ತಪ್ಪಿದಂತೆಯೇ.

ನರಗುಂದದ ನೆಟ್ ಸೆಂಟರಿನಲ್ಲಿ ಹಿರೇ ಗಂಗಿಯ ಅರ್ಜಿ ಮೊದಲು ಹೋಯಿತು, ನಂಬರು ಇದ್ದ ಚೀಟಿ ಬಂತು. ಸಣ್ಣ ಗಂಗಿಯದಕ್ಕೆ ಹಸಿರು ಅಕ್ಷರ ಬಂತು. ನೆಟ್ ಸೆಂಟರಿನವನು ಓದಿ, "ಮುಟ್ಟೈತಿ ಅಂತ ತೋರಸ್ತೈತಿ, ಹೋಗ್ರಿ" ಎಂದ. ಹುಡುಗಿಯರಿಗೆ ಖುಷಿ. ಅಜ್ಜನಿಗೆ ಮಾತ್ರ ಸಮಾಧಾನವಾಗಲಿಲ್ಲ. ಒಂದು ಬಾಗಿಲಿಗೆ ಎರಡು ಕದ ಮಾಡಿ ಒಂದಕ್ಕೇ ಚಿಲಕ ಬಡಿದರೆ ಹೇಗೆ ಎಂದು ಯೋಚಿಸುವ ಮನುಷ್ಯ. ಹಿರಿಯಳಿಗೆ ಚೀಟಿ ಬಂತು, ಕಿರಿಯಳಿಗೆ ಯಾಕೆ ಬರಲಿಲ್ಲ? ಇಬ್ಬರನ್ನೂ ಕರೆದುಕೊಂಡು ಬಸ್ಸು ಬದಲಿಸಿ ಬದಲಿಸಿ ಗಜೇಂದ್ರಗಡಕ್ಕೆ ಬಂದ. ಆ ದಿನ ನಾನು ಸಾಹೇಬರ ಕೋಣೆಯಲ್ಲೇ ಇದ್ದೆ.

ಸಾಹೇಬರು ಪರದೆ ನೋಡಿದರು. "ಬಂದೈತಿ ಯಜಮಾನ್ರ. ಗಂಗವ್ವ ಬಡಿಗೇರ, ಕೊಣ್ಣೂರ."

"ಅದು ಹಿರೇದರದ್ರೀ ಸಾಹೇಬ್ರ. ಸಣ್ಣದರದ್ದು?"

"ಅದೂ ಇದ ಐತಿ. ಒಬ್ಬಾಕೀದನ್ನ ಎರಡ ಸಲ ಹಾಕೀರಿ. ಹಂಗ ಹಾಕಬಾರದು."

"ಒಬ್ಬಾಕಿ ಅಲ್ರೀ. ಇಬ್ರು ಅದಾರ."

"ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ" ಎಂದರು ಸಾಹೇಬರು.

ಅಜ್ಜ ಇಬ್ಬರನ್ನೂ ತೋಳು ಹಿಡಿದು ಮೇಜಿನ ಹತ್ತಿರ ಎಳೆದು ತಂದ. "ಇಲ್ಲಿ ನಿಂತಾರ ನೋಡ್ರಿ. ಇಕಿ ಹಿರೇದು. ಇಕಿ ಸಣ್ಣದು. ಎಣಿಸ್ರಿ ಬೇಕಾರ."

ಅವರು ಎಣಿಸಲಿಲ್ಲ, ಏಕೆಂದರೆ ತಲೆಯೆತ್ತಲಿಲ್ಲ. ಎರಡು ಜೀವಂತ ಹುಡುಗಿಯರು ಮೊಳದ ದೂರದಲ್ಲಿ ಉಸಿರಾಡುತ್ತ ನಿಂತಿದ್ದಾರೆ. ಈ ಮನುಷ್ಯ ಪರದೆಯ ಮೇಲಿದ್ದ ಒಂದು ಸಾಲನ್ನು ಮೇಲೆ ಕೆಳಗೆ ಮಾಡುತ್ತಿದ್ದಾರೆ. ಕೊನೆಗೆ ಹೇಳಿದರು: "ಒಂದ ಕೆಲಸ ಮಾಡ್ರಿ. ಇಬ್ರೂ ಬ್ಯಾರೆ ಬ್ಯಾರೆ ಮನಶ್ಯಾರು ಅಂತ ಕೋರ್ಟಿನಾಗ ಅಫಿಡವಿಟ್ ಮಾಡಿಸ್ಕೊಂಡ ಬರ್ರಿ."

"ಇಬ್ರೂ ಇಬ್ರು ಅಂತ?" ಅಜ್ಜ ಕೇಳಿದ.

"ಹೂಂ. ಸ್ಟಾಂಪ್ ಪೇಪರ್ ಮ್ಯಾಲ."

ನಾನು ಕಾಗದದ ಅರ್ಜಿ ತೆಗೆದುಕೊಳ್ಳೋಣ ಎಂದೆ. ಜುಬೇದಾ, ನರಗುಂದದ ಪಾಸ್‌ವರ್ಡ್ ಕೊಟ್ಟರೆ ಚಹಾ ಆರುವುದರೊಳಗೆ ತಿದ್ದುತ್ತೇನೆ ಎಂದಳು. ಸಾಹೇಬರು ನಮ್ಮಿಬ್ಬರಿಗೂ ಒಂದೇ ಉತ್ತರ ಕೊಟ್ಟರು: "ಸಿಸ್ಟಮ್ ಅಂದ್ರ ಸಿಸ್ಟಮ್." ಪಾಸ್‌ವರ್ಡ್ ಕೊಟ್ಟರೆ ನರಗುಂದದ ಪುಟದಲ್ಲಿ ತಪ್ಪಿತ್ತು ಎಂದಾಗುತ್ತದೆ; ತಪ್ಪಿತ್ತು ಎಂದಾದರೆ ಮೂರು ನಕಲಿನ ಸೇಫ್ಟಿ ಎಲ್ಲಿ ಉಳಿಯಿತು? ಒಂದು ಹುಡುಗಿ ಇಲ್ಲವೇ ಇಲ್ಲ ಎಂದು ಸಾಧಿಸುವುದು ಅವರಿಗೆ ಅದಕ್ಕಿಂತ ಸಸಾರವಾಗಿ ಕಂಡಿತು.

ಹೊರಗೆ ಬಂದಾಗ ಸಣ್ಣ ಗಂಗಿ ನನ್ನನ್ನು ಕೇಳಿದ್ದು ಒಂದೇ ಮಾತು. "ಬಾಯಾರ, ನಾ ಹೆಸರ ಬದಲಿ ಮಾಡ್ಕೊಂಡ್ರ ಆಗತೈತೇನ್ರಿ?"

ಅವಳ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಬೇಕಾದರೆ ಅಲ್ಲೇ ಆಗಲೇ ಹೆಸರು ಕಳಚಿ ಇಡುವವಳ ಹಾಗಿದ್ದಳು. "ಮಾರ್ಕ್ಸ್ ಕಾರ್ಡ್‌ನ್ಯಾಗ ಇದ್ದದ್ದ ಹೆಸರವಾ" ಎಂದೆ. ತಲೆಯಾಡಿಸಿ ಬಸ್‌ಸ್ಟ್ಯಾಂಡಿನ ಕಡೆ ಹೋದಳು.

ಅಫಿಡವಿಟ್ ಆಗಿ ಅವರು ಮರಳಿ ಬಂದದ್ದು ಅರ್ಜಿಯ ಕೊನೆಯ ದಿನ. ಅವತ್ತೇ ಆಡಳಿತ ಮಂಡಳಿಯ ಮೀಟಿಂಗು. ಅಧ್ಯಕ್ಷರಿಗೆ ಎ.ಸಿ. ಇಷ್ಟವೆಂದು ಮೀಟಿಂಗು ಯಾವಾಗಲೂ ಕಂಪ್ಯೂಟರ್ ಕೋಣೆಯಲ್ಲೇ ನಡೆಯುತ್ತಿತ್ತು. ಅಜ್ಜ ಮತ್ತು ಹುಡುಗಿಯರು ಹೊರಗೆ, ಗಾಜಿನ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತರು. ಒಳಗೆ ನಾನು ಅವರ ಕಾಗದಗಳನ್ನು ಅಧ್ಯಕ್ಷರ ಮುಂದಿಟ್ಟು ವಿಷಯ ಹೇಳಿದೆ. ನರಗುಂದದ ಫಾರ್ಮು ಕೆಟ್ಟಿದೆ, ಸಂಜೆಗೆ ಬಾಗಿಲು ಮುಚ್ಚುತ್ತದೆ, ಈ ಹುಡುಗಿಗೆ ಬರುವ ವರ್ಷ ವಯಸ್ಸು ಮೀರುತ್ತದೆ.

"ಏನ್ರಿ ಡೈರೆಕ್ಟರ, ಬಾಯಾರು ಹಿಂಗಂತಾರಲ್ಲ" ಎಂದರು ಅಧ್ಯಕ್ಷರು.

ಸಾಹೇಬರು ಮುಗುಳ್ನಕ್ಕರು. "ಸರ್, ಬಾಯಾರು ಇಂಗ್ಲಿಷ್ ಟೀಚರು, ಅವರ ತಪ್ಪಲ್ಲ. ಲೈವ್ ಡೆಮಾನ್‌ಸ್ಟ್ರೇಶನ್ ಕೊಡತೇನಿ. ಇವರದ ಕಾಗದ ತಗೊಂಡ ಇಬ್ಬರದೂ ತುಂಬಿ ತೋರಸತೇನಿ. ಖರೇನ ಇಬ್ರಿದ್ರ ನನ್ನ ಫಾರ್ಮ್ ಇಬ್ಬರನ್ನೂ ತಗೊಂತೈತಿ. ತಗೊಂತು ಅಂದ್ರ ಫಾರ್ಮ್ ಕೆಟ್ಟೈತಿ ಅಂತ ಮಂದಿ ಸುಳ್ಳ ಹೇಳ್ಯಾರ ಅಂತ ಅರ್ಥ."

ಮಖಮಲ್ಲು ಸರಿಸಿದ್ದಾಯಿತು, ಕಿರುಬೆರಳು ಮೇಲೆದ್ದಿತು. ಅವರು ತೆರೆದದ್ದು ರೋಣದ ಪುಟ. ಪಟ್ಟಿಯಲ್ಲಿ ಮೊದಲು ಇದ್ದದ್ದು ಅದು. ಮೂರೂ ಒಂದೇ ಎಂಬುದು ಅವರ ನಂಬಿಕೆ; ತಾವೇ ಇಟ್ಟ ಕಾವಲು ಏನೇನನ್ನು ನೋಡುತ್ತದೆಂಬುದೂ ಅವರಿಗೆ ಮರೆತಿತ್ತು. ಅದು ತಾನು ತಿದ್ದಿದ ಪುಟವೆಂದು ಜುಬೇದಾಗೆ ಗೊತ್ತಿತ್ತು. ಒಂದು ಕ್ಷಣ ನನ್ನ ಕಡೆ ನೋಡಿ, ಎದ್ದು ಹೋಗಿ ಪ್ರಿಂಟರಿನ ಸ್ವಿಚ್ಚು ಹಾಕಿ ಬಂದು ಮತ್ತೆ ಕೈಕಟ್ಟಿ ಕೂತಳು.

ಸಾಹೇಬರು ಒಂದೇ ಬೆರಳಿನಿಂದ ಕುಟ್ಟುತ್ತ, ಪ್ರತಿ ಖಾನೆಯನ್ನೂ ಗಟ್ಟಿಯಾಗಿ ಓದುತ್ತ ಹಿರೇ ಗಂಗಿಯದನ್ನು ತುಂಬಿದರು. ಒತ್ತಿದರು. ಪ್ರಿಂಟರು ಗರಗರ ಎಂದು ಒಂದು ಚೀಟಿ ಉಗುಳಿತು. ಮತ್ತೆ ಸಣ್ಣ ಗಂಗಿಯದನ್ನು ತುಂಬಿದರು: ಹೆಸರು, ಅಡ್ಡಹೆಸರು, ಊರು, ಜೂನ್ ಒಂದು, ತಂದೆಯ ಹೆಸರು, ಮಾರ್ಕು. ಅಧ್ಯಕ್ಷರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಸಾಹೇಬರು ಒತ್ತಿದರು. ಪ್ರಿಂಟರು ಇನ್ನೊಂದು ಚೀಟಿ ಉಗುಳಿತು.

"ನೋಡಿದ್ರೇನ್ರಿ ಸರ್? ಎರಡೂ ತಗೊಂತು. ನನ್ನ ಫಾರ್ಮ್ ನೂರಕ್ಕ ನೂರು ಸರಿ ಐತಿ. ಮಂದಿ ಸುಳ್ಳ ಹೇಳತಾರ."

ಮಂಡಳಿಯ ಸದಸ್ಯರು ಭೇಷ್ ಎಂಬಂತೆ ತಲೆದೂಗಿದರು. ಜುಬೇದಾ ಎರಡೂ ಚೀಟಿಗಳನ್ನು ತೆಗೆದು ಧೂಳು ಒರೆಸಿದಂತೆ ಮಾಡಿ ನನ್ನ ಕೈಗೆ ಕೊಟ್ಟಳು. "ಮ್ಯಾಡಮ್, ಎರಡಕ್ಕೂ ನಂಬರ್ ಬಿದ್ದಾವ್ರಿ. ರೋಣದ ಸಾಲೀಗೆ ಇಬ್ಬರದೂ ಅರ್ಜಿ ಮುಟ್ಟೈತಿ."

"ಏ, ಅದು ಡೆಮೋ" ಎಂದರು ಸಾಹೇಬರು.

"ಫಾರ್ಮಿಗೆ ಡೆಮೋ ಅಂದ್ರ ಗೊತ್ತಿಲ್ರೀ ಸರ್. ನೀವು ಅದಕ್ಕ ಹೇಳಿಕೊಟ್ಟಿಲ್ಲ."

"ಡಿಲೀಟ್ ಮಾಡು."

"ಡಿಲೀಟ್ ಬಟನ್ ಹಾಕತೇನಂದಾಗ ನೀವ ಬ್ಯಾಡಂದ್ರಿ. ಮಂದಿ ಅಳಿಸಿ ಅಳಿಸಿ ಆಟಾ ಆಡತಾರ ಅಂತ."

ಅಧ್ಯಕ್ಷರು ಇಬ್ಬರನ್ನೂ ನೋಡಿ ನನ್ನ ಕಡೆ ತಿರುಗಿದರು. "ಅಂದ್ರ ಬಾಯಾರ, ಈಗ ಅರ್ಜಿ ಬಂದಂಗೋ, ಬರದಂಗೋ?"

"ಬಂದಂಗರಿ. ಡೈರೆಕ್ಟರ್ ಸಾಹೇಬರ ಸ್ವತಃ ಕೂತು ತುಂಬ್ಯಾರ. ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ."

ಸಾಹೇಬರ ಕಿರುಬೆರಳು ಮೆಲ್ಲಗೆ ಕೆಳಗಿಳಿಯಿತು. ಒಬ್ಬಳು ಎರಡು ಸಲ ಅರ್ಜಿ ಹಾಕಬಾರದೆಂದು ಕೋರ್ಟಿನವರೆಗೆ ಓಡಾಡಿಸಿದ ಮನುಷ್ಯ, ಹಿರೇ ಗಂಗಿಯ ಎರಡನೆಯ ಅರ್ಜಿಯನ್ನು ಮಂಡಳಿಯ ಎದುರಿಗೆ ಕೈಯಾರೆ ಹಾಕಿದ್ದರು. ಜುಬೇದಾ ಅಷ್ಟಕ್ಕೆ ಬಿಡಲಿಲ್ಲ. ನರಗುಂದದ ಪುಟ ತೆಗೆದು ಸಣ್ಣ ಗಂಗಿಯದನ್ನು ತುಂಬಿ ಹಸಿರು ಅಕ್ಷರ ಬರುವುದನ್ನು ಎಲ್ಲರಿಗೂ ತೋರಿಸಿದಳು. ಸಾಹೇಬರು ಪರದೆ ನೋಡಿ "ಸರ್ವರ್ ಬಿಜಿ ಅದ" ಎಂದರು. ಅಷ್ಟರಲ್ಲಿ ಚಹಾ ಬಂತು. ಅಧ್ಯಕ್ಷರು "ಇರಲಿ ಬಿಡ್ರಿ, ಸರಿ ಮಾಡಸ್ರಿ" ಎಂದು ಬಿಸ್ಕೀಟು ಅದ್ದಿದರು.

ಸರಿ ಮಾಡಿಸಿದ್ದು ಹೇಗೆಂದು ಹೇಳಲೇ? ನರಗುಂದದ ನೆಟ್ ಸೆಂಟರುಗಳಿಗೆಲ್ಲ ಒಂದು ಸೂಚನೆ ಹೋಯಿತು: ತೊಂದರೆ ಬಂದರೆ ರೋಣದ ಪುಟದಲ್ಲಿ ತುಂಬಿರಿ. ಮಂದಿ ನರಗುಂದದ ಪುಟವನ್ನೇ ಬಿಟ್ಟರು. ಆ ವರ್ಷದ ವರದಿಯಲ್ಲಿ ಸಾಹೇಬರು, 'ನರಗುಂದದ ಫಾರ್ಮಿನ ಮೇಲೆ ಒಂದೂ ದೂರು ಬಂದಿಲ್ಲ' ಎಂದು ಬರೆದರು. ಅವರ ಸಂಬಳ ಏರಿತು. ಜುಬೇದಾ ಬೇಸತ್ತು ಕೆಲಸ ಬಿಟ್ಟು ಹೊಳೆಆಲೂರಿನಲ್ಲಿ ತನ್ನದೇ ಕ್ಲಾಸು ತೆರೆದಳು. ಹೋಗುವ ಮುಂಚೆ, ಅವಳು ಬರೆದಿಟ್ಟಿದ್ದ ಹೆಸರಿನ ಖಾನೆ, ತಾರೀಖಿನ ಖಾನೆ, ಫೋನಿನ ಖಾನೆಗಳನ್ನು ಸಾಹೇಬರಿಗೆ ತೋರಿಸಿದಳಂತೆ. ಅವರು ಅದನ್ನು ತೆರೆದೂ ನೋಡಲಿಲ್ಲ. ಆ ಎ.ಸಿ. ಕೋಣೆಯಲ್ಲಿ ಒಂದು ಒಳ್ಳೆಯ ಕೆಲಸ ತಣ್ಣಗೆ ಮಲಗಿತ್ತು ಎಂದು ನೆನೆದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಗಂಗವ್ವಂದಿರಿಬ್ಬರಿಗೂ ರೋಣದಲ್ಲಿ ಸೀಟು ಸಿಕ್ಕಿತು. ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದರು.

ಅದೆಲ್ಲ ಆಮೇಲಿನ ಮಾತು. ಆ ಸಂಜೆ ಮೀಟಿಂಗು ಮುಗಿದು ನಾವು ಹೊರಗೆ ಬಂದಾಗ ನಾನು ಚೀಟಿಗಳನ್ನು ಅಜ್ಜನ ಕೈಗೆ ಕೊಟ್ಟು, "ಇಬ್ಬರದೂ ಆತು. ರೋಣಕ್ಕ" ಎಂದೆ. ಆತ ಚೀಟಿಗಳನ್ನು ಕಣ್ಣಿಗೊತ್ತಿಕೊಂಡ. ಅಷ್ಟರಲ್ಲಿ ಬಾಗಿಲಿಗೆ ಸಾಹೇಬರು ಬಂದರು. ಸಾಹೇಬರೇ ಕೂತು ತುಂಬಿದ್ದನ್ನು ಆತ ಕಿಟಕಿಯಿಂದ ಕಂಡಿದ್ದ. ಗಾಜಿನ ಆಚೆಗೆ ಮಾತು ಕೇಳಿಸಿರಲಿಲ್ಲ. ಓಡಿಹೋಗಿ ಎರಡೂ ಕೈ ಜೋಡಿಸಿ ಬಗ್ಗಿದ.

"ಭಾಳ ಉಪಕಾರ ಆತ್ರಿ ಸಾಹೇಬ್ರ. ನಿಮ್ಮ ಕೈಯ್ಯಾರೆ ತುಂಬಿದ್ರಿ. ನಮ್ಮಂಥಾ ಬಡವರದ್ದು ಯಾರ ಮಾಡತಾರ?"

ನಾನು ನೋಡುತ್ತ ನಿಂತೆ. ಒಂದು ಕ್ಷಣವಾದರೂ ಆ ಮನುಷ್ಯನಿಗೆ ನಾಚಿಕೆಯಾಗುತ್ತದೆಂದು ಕಾದೆ. ಸಾಹೇಬರು ಎದೆ ತುಂಬ ಗಾಳಿ ಎಳೆದುಕೊಂಡು ಅಜ್ಜನ ಬೆನ್ನು ತಟ್ಟಿದರು. "ಇರಲಿ, ಇರಲಿ. ಇಟ್ ಈಸ್ ಮೈ ಡ್ಯೂಟಿ. ಬಡವರ ಮ್ಯಾಲ ನನಗ ಮೊದಲಿಂದ ಕಳಕಳಿ." ಆಮೇಲೆ ಆ ದಿನಕ್ಕೆ ಮೊದಲ ಸಲ ತಲೆಯೆತ್ತಿ ಹುಡುಗಿಯರ ಕಡೆ ನೋಡಿದರು. ಅವರೂ ಕೈ ಮುಗಿಯಲಿ ಎಂದು ಕಾಯುತ್ತಿದ್ದರು. ಹಿರೇ ಗಂಗಿ ಮುಗಿದಳು.

ಸಣ್ಣ ಗಂಗಿ ಮುಗಿಯಲಿಲ್ಲ. ಅವಳು ಕೂತದ್ದು ಬಾಗಿಲ ಸಂದಿಯ ಹತ್ತಿರ, ಅವಳಿಗೆ ಎಲ್ಲ ಕೇಳಿಸಿತ್ತು. ಸಾಹೇಬರ ಮುಖವನ್ನು ನೆಟ್ಟಗೆ ನೋಡಿದಳು, ಬೇಕಾದಷ್ಟು ಹೊತ್ತು ನೋಡಿದಳು. ಆಮೇಲೆ ಅಜ್ಜನ ಹತ್ತಿರ ಹೋಗಿ, ಜೋಡಿಸಿದ್ದ ಅವನ ಕೈಗಳನ್ನು ತಾನೇ ಹಿಡಿದು ಬಿಡಿಸಿದಳು.

"ಕೈ ಇಳಸ ಯಜ್ಜಾ" ಎಂದಳು. "ಬಸ್ ಹೋಗತೈತಿ."